ಪಾತ್ರಕ್ಕೆ ಯಾವ ಪ್ರಾಣಿ? ಚಿಪ್ಪುಹಂದಿ, ಕಾಡುಪಾಪ, ಮಕರ ಮತ್ತು ನನ್ನ ನೀರುನಾಯಿ

ಮಕ್ಕಳ ಚಿತ್ರಕಥೆಗೆ ಸ್ವಂತದ್ದೊಂದು ಪ್ರಾಣಿಪಾತ್ರ ಕಟ್ಟಲು ಹೊರಟವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ನೀರುನಾಯಿ. ಹೊಸಪೇಟೆ ಕಡೆಯ ನನಗೆ ಹೊಳೆಯ ಕಥೆಗಳೇ ಹತ್ತಿರ. ಬರೆಯುವುದು ಬರುತ್ತದೆ, ಚಿತ್ರ ಬಿಡಿಸುವುದು ಬರುವುದಿಲ್ಲ, ಹಾಗಾಗಿ ಪ್ರತಿ ಪುಟವನ್ನೂ ದುಡ್ಡು ಕೊಟ್ಟೇ ಬರೆಸಬೇಕು. ಅಂಥವರಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. ಚಿಪ್ಪುಹಂದಿ, ಕಾಡುಪಾಪ ಮತ್ತು ಗುಡಿಯ ಗೋಡೆಯ ಮಕರ, ಈ ಮೂರನ್ನೂ ಬರೆಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಹುಲಿ, ಆನೆ, ನರಿ, ಮೊಲ ನನ್ನ ಪಟ್ಟಿಗೇ ಬರಲಿಲ್ಲ. ನರಿ ಪುಟದೊಳಗೆ ಕಾಲಿಟ್ಟರೆ ಸಾಕು, ಇನ್ನೇನು ಮೋಸ ಮಾಡುತ್ತದೆ ಅಂತ ಮಗು ಕಾಯುತ್ತದೆ. ಆ ಎಣಿಕೆ ಅಳಿಸುವುದಕ್ಕೇ ಅರ್ಧ ಕಥೆ ಖರ್ಚಾಗುತ್ತದೆ. ಅಜ್ಜಿಕಥೆಗಳು ಅಷ್ಟಾಗಿ ಮುಟ್ಟದ ಪ್ರಾಣಿ ನನಗೆ ಬೇಕಿತ್ತು.

ಮೊದಲು ಮನಸ್ಸು ಹೋದದ್ದು ಚಿಪ್ಪುಹಂದಿಯ ಮೇಲೆ. ಚಿಪ್ಪಣ್ಣ ಅಂತ ಹೆಸರೂ ಇಟ್ಟಾಗಿತ್ತು. ನಾಚಿಕೆ ಸ್ವಭಾವ, ಹೆದರಿದರೆ ಉಂಡೆ ಸುತ್ತಿಕೊಳ್ಳುವುದು, ಊಟಕ್ಕೆ ಇರುವೆ ಮತ್ತು ಗೆದ್ದಲು, ತಾಯಿಯ ಬಾಲದ ಮೇಲೆ ಕೂತು ಸವಾರಿ ಹೋಗುವ ಮರಿ. ಸ್ವಭಾವ ಬರೆದಿಟ್ಟುಕೊಂಡಾಗ ಪಾತ್ರ ತಾನಾಗಿಯೇ ಎದ್ದು ನಿಂತಿತು. ತೊಡಕು ಶುರುವಾದದ್ದು ಚಿಪ್ಪಿನಿಂದ.

ನಮ್ಮ ನಾಡಿನ ಚಿಪ್ಪುಹಂದಿಯ ಮೈಮೇಲೆ 160ರಿಂದ 200ರಷ್ಟು ಚಿಪ್ಪುಗಳಿರುತ್ತವೆ. ನಡುಮೈಯಲ್ಲಿ 11ರಿಂದ 13 ಸಾಲು. ಮುಖಪುಟಕ್ಕೆ ಒಂದು ಚಿತ್ರ ಸಾಕಾದರೆ ಇದು ದೊಡ್ಡ ವಿಷಯವಲ್ಲ, ಕಲಾವಿದರು ಖುಷಿಯಿಂದಲೇ ಬರೆದುಕೊಡುತ್ತಾರೆ. ಆದರೆ ಚಿತ್ರಕಥೆಯಲ್ಲಿ ಪುಟಕ್ಕೆ ಐದಾರು ಚೌಕ, ಚೌಕಕ್ಕೊಂದು ಭಂಗಿ. ಪಾತ್ರ ಬಾಗಿದರೆ ಬೆನ್ನಿನ ಸಾಲುಗಳು ಬಿಚ್ಚಿಕೊಳ್ಳಬೇಕು, ಬಾಲ ಹೊರಳಿಸಿದರೆ ಸಾಲಿನ ದಿಕ್ಕು ತಿರುಗಬೇಕು, ಉಂಡೆಯಾದರಂತೂ ಎಲ್ಲ ಚಿಪ್ಪನ್ನೂ ಹೊಸದಾಗಿ ಜೋಡಿಸಬೇಕು. ಪುಟಕ್ಕೆ 1,200 ರೂಪಾಯಿಗೆ ಒಪ್ಪಿದ್ದ ಕಲಾವಿದರು ಕೆಲಸ ಶುರುಮಾಡಿದ ಮೇಲೆ 1,800 ಕೇಳಿದರು. ಅವರು ಕೂತ ಹೊತ್ತು ಲೆಕ್ಕ ಹಾಕಿದರೆ ಅದು ನ್ಯಾಯವಾದ ದರವೇ. ನನ್ನ ಜೇಬಿಗೆ ಮಾತ್ರ ಆಗುತ್ತಿರಲಿಲ್ಲ.

ಖರ್ಚು ಇಳಿಸಲು ದಾರಿಗಳನ್ನು ಹುಡುಕಿದೆವು. ಚಿಪ್ಪಿನ ಸಂಖ್ಯೆ ಕಡಿಮೆ ಮಾಡಿ ಒಂದೊಂದನ್ನೂ ದೊಡ್ಡದಾಗಿ ಬರೆದರು. ಆಗ ಚಿಪ್ಪಣ್ಣ ಕಾಲು ಮೂಡಿದ ಅನಾನಸ್ ಹಣ್ಣಿನಂತಾದ. ಕಂಪ್ಯೂಟರಿನಲ್ಲಿ ಒಂದು ಚಿಪ್ಪು ಬರೆದು ಅದನ್ನೇ ಮೈತುಂಬ ಅಂಟಿಸಿದರು. ಮೈ ಬಾಗಿದರೂ ಚಿಪ್ಪು ಬಾಗದೆ, ಮೈಯೊಂದು ಕಡೆ ಚಿಪ್ಪೊಂದು ಕಡೆ ಆಯಿತು. ಅಂಗಿ ತೊಡಿಸಿ ಮುಚ್ಚೋಣ ಅಂದರೆ, ಚಿಪ್ಪು ಕಾಣದ ಮೇಲೆ ಅದು ಚಿಪ್ಪುಹಂದಿ ಅಂತ ಮಗುವಿಗೆ ಗೊತ್ತಾಗುವುದು ಹೇಗೆ? ಬೆನ್ನಿನ ಅಂಚಿನಲ್ಲಿ ಮಾತ್ರ ಚಿಪ್ಪಿನ ಗೆರೆ ಎಳೆದು ಒಳಗೆ ಬರೀ ಬಣ್ಣ ತುಂಬುವ ಉಪಾಯ ಸ್ವಲ್ಪ ಹೊಂದಿತು. ಅಷ್ಟರಲ್ಲಿ ಮುಖದ ಸಮಸ್ಯೆ ಎದ್ದಿತು.

ಚಿಪ್ಪುಹಂದಿಗೆ ಹಲ್ಲಿಲ್ಲ. ಚೂಪು ಮೂತಿ, ಸಣ್ಣ ಬಾಯಿ, ಸಣ್ಣ ಕಣ್ಣು. ನಗುವ ಚಿತ್ರವೂ ಮುನಿಸಿನ ಚಿತ್ರವೂ ಒಂದೇ ಥರ ಬಂದವು. ಮುಂಗಾಲಿನ ಉಗುರುಗಳು ಹುತ್ತ ಒಡೆಯಲು ಬೆಳೆದವು, ಕೊಡೆಯನ್ನೋ ಪುಸ್ತಕವನ್ನೋ ಹಿಡಿಸಿದರೆ ಕೃತಕವಾಗಿ ಕಾಣುತ್ತದೆ. ಮಾತಿಲ್ಲದ ಚೌಕದಲ್ಲಿ ಪಾತ್ರದ ಮನಸ್ಸು ತಿಳಿಯಬೇಕಾದದ್ದು ಮುಖದಿಂದ ಮತ್ತು ಕೈಯಿಂದ. ಇಲ್ಲಿ ಎರಡೂ ದಾರಿ ಮುಚ್ಚಿದ್ದವು.

ಕಾಡುಪಾಪಕ್ಕೆ ಈ ತೊಂದರೆ ಇಲ್ಲ. ಅಷ್ಟು ದೊಡ್ಡ ಕಣ್ಣು, ಹಿಡಿಯಲು ಬರುವ ಬೆರಳು. ತುಮಕೂರು ಕಡೆಯ ಕುರುಚಲು ಕಾಡಿನಲ್ಲಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೂ ಇದೆ, ಹಾಗಾಗಿ ಪೇಟೆಯ ಮಗುವಿಗೂ ಇದು ನೆರೆಮನೆಯ ಪ್ರಾಣಿಯೇ. ಆದರೆ ಅದು ಏಳುವುದೇ ಕತ್ತಲಾದ ಮೇಲೆ. ಕಥೆಯ ಎಲ್ಲ ಪುಟವೂ ರಾತ್ರಿ, ಎಲ್ಲ ಚೌಕವೂ ಕಪ್ಪು. ನಾನು ಅಚ್ಚು ಹಾಕಿಸುವ ಅಗ್ಗದ ಕಾಗದದಲ್ಲಿ ಆ ಕಪ್ಪು ಹಿಂಬದಿಗೆ ಇಳಿದು ಮುಂದಿನ ಪುಟದ ಅಕ್ಷರವನ್ನೂ ಕೆಡಿಸುತ್ತದೆ. ಹಗಲಿನ ಶಾಲೆಗೆ ಹೋಗುವ ಕಾಡುಪಾಪವನ್ನು ಬರೆಯಬಹುದಿತ್ತು, ಹಾಗೆ ಬರೆಯಲು ಮನಸ್ಸು ಒಪ್ಪಲಿಲ್ಲ. ಮಾಟಮಂತ್ರದ ನಂಬಿಕೆಗೆ ಬಲಿಯಾಗುತ್ತಿರುವ ಬಡಪಾಯಿ ಪ್ರಾಣಿ ಅದು. ಅದರ ನಿಜವಾದ ಬದುಕನ್ನು ಮಕ್ಕಳಿಗೆ ಸರಿಯಾಗಿ ತೋರಿಸುವುದು ಮುಖ್ಯ.

ಕೆನ್ನಾಯಿ ಬೇಡವೆನ್ನಲು ಒಂದೇ ಕಾರಣ: ಅದು ಗುಂಪಿನ ಪ್ರಾಣಿ, ಒಂದನ್ನು ಬರೆದರೆ ಹತ್ತನ್ನು ಬರೆಯಬೇಕು.

ಇಲ್ಲದ ಪ್ರಾಣಿಯನ್ನೇ ಕಲ್ಪಿಸಿಕೊಳ್ಳಿ, ಯಾರೂ ತಪ್ಪು ಹುಡುಕಲಾರರು ಅನ್ನುವವರಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಹಂಸ, ಕುದುರೆ, ಆನೆಗಳ ಪಟ್ಟಿಗಳ ಜೊತೆಗೇ ಮಕರಗಳ ಸಾಲೂ ಇದೆ. ಆ ಮಕರವನ್ನೇ ಪಾತ್ರ ಮಾಡಿಸಿದೆ. ಕಲ್ಲಿನಲ್ಲಿ ಅದರ ಬಾಲ ಬಳ್ಳಿಯಂತೆ ಸುರುಳಿ ಬಿಚ್ಚಿಕೊಳ್ಳುವ ಚೆಲುವನ್ನು ಎಷ್ಟು ನೋಡಿದರೂ ಸಾಲದು. ಕಥೆಗೆ ತಂದೊಡನೆ ಪ್ರಶ್ನೆಗಳು ಎದ್ದವು. ಮೆಟ್ಟಿಲು ಹತ್ತುವಾಗ ಆ ಬಾಲ ಎಲ್ಲಿರುತ್ತದೆ? ಏನು ತಿನ್ನುತ್ತದೆ? ಯಾವುದಕ್ಕೆ ಹೆದರುತ್ತದೆ? ನಿಜದ ಪ್ರಾಣಿಯಾದರೆ ಇದನ್ನೆಲ್ಲ ಅದರ ಬದುಕೇ ಹೇಳಿಕೊಡುತ್ತದೆ. ಮಕರದ ವಿಷಯದಲ್ಲಿ ಪ್ರತಿಯೊಂದನ್ನೂ ನಾನೇ ಕಟ್ಟಿ, ಕಲಾವಿದರಿಗೂ ಓದುವ ಮಗುವಿಗೂ ವಿವರಿಸಬೇಕಾಯಿತು. ದೊಡ್ಡ ಪುರಾಣದಂಥ ಕಾದಂಬರಿ ಬರೆಯುವವರಿಗೆ ಅದು ಸಂತೋಷದ ಕೆಲಸ. ಎಂಟು ಪುಟದ ಕಥೆಗೆ ಭಾರ.

ಈಗ ನೀರುನಾಯಿ. ನಯವಾದ ಮೈ, ನಾಲ್ಕೈದು ಗೆರೆಗೆ ಆಕಾರ ಬಂದುಬಿಡುತ್ತದೆ, ದರ 1,200ರಲ್ಲೇ ನಿಂತಿತು. ದುಂಡು ಮುಖ, ಮೀಸೆ, ಚುರುಕು ಕಣ್ಣು, ಹಾಗಾಗಿ ಸಿಟ್ಟು ಬೇರೆ, ಬೇಸರ ಬೇರೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಮೀನನ್ನು ಮುಂಗಾಲುಗಳಲ್ಲಿ ಹಿಡಿದು ತಿನ್ನುವ ಪ್ರಾಣಿಯಾದ್ದರಿಂದ ಕೈಗೆ ಏನು ಕೊಟ್ಟರೂ ಒಪ್ಪುತ್ತದೆ. ಹಗಲಲ್ಲೇ ಓಡಾಡುತ್ತದೆ. ಅಪ್ಪ, ಅಮ್ಮ, ಅಣ್ಣ, ತಂಗಿ ಅಂತ ಕುಟುಂಬವಾಗಿ ಬಾಳುತ್ತದೆ, ಮರಿಗಳಿಗೆ ಈಜು ಕಲಿಸುತ್ತದೆ. ಕುಟುಂಬವೆಲ್ಲ ಸೇರಿ ಶೌಚಕ್ಕೆ ಒಂದು ಜಾಗ ಗೊತ್ತುಮಾಡಿಕೊಂಡಿರುತ್ತದೆ ಅಂತ ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಆಮೇಲೆ ಮರೆಯುವುದೂ ಇಲ್ಲ.

ಕಥೆಗೆ ಬೇಕಾದ ಜಗಳವೂ ಹೊಳೆಯಲ್ಲೇ ಇದೆ. ಬಲೆಗೆ ಬಿದ್ದ ಮೀನಿಗೆ ನೀರುನಾಯಿ ಬಾಯಿ ಹಾಕಿದರೆ ಬಲೆ ಹರಿಯುತ್ತದೆ, ಮೀನುಗಾರರ ಹೊಟ್ಟೆಗೆ ಪೆಟ್ಟು. ಇಬ್ಬರದ್ದೂ ತಪ್ಪಿಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆ ಮೀಸಲಿಟ್ಟರು. ನನ್ನ ಕಥೆ ನಡೆಯುವುದೂ ಅಲ್ಲೇ, ಬಂಡೆಗಳ ನಡುವೆ. ಒಂದು ಅಡಚಣೆ ಇದೆ, ಮೀನನ್ನು ಗೆಳೆಯನ ಪಾತ್ರ ಮಾಡುವಂತಿಲ್ಲ. ಗೆಳೆತನಕ್ಕೆ ಆಮೆಯನ್ನು ತಂದೆ.

ಒಂದೇ ಚಿತ್ರ ಬೇಕಾದವರು, ಸ್ವತಃ ಬಿಡಿಸಬಲ್ಲವರು ಚಿಪ್ಪುಹಂದಿಯನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಒಳ್ಳೆಯ ಕಾಗದಕ್ಕೆ ದುಡ್ಡಿದ್ದರೆ ಕಾಡುಪಾಪ. ಮಲೆನಾಡಿನ ಕಥೆಯಾದರೆ ಅಲ್ಲಿನ ತೊರೆಗಳಲ್ಲಿ ಏಡಿ ಹಿಡಿಯುವ ಪುಟ್ಟ ಜಾತಿಯ ನೀರುನಾಯಿಯೇ ಇದೆ, ಅದು ಇನ್ನೂ ಚೆನ್ನಾಗಿ ಹೊಂದುತ್ತದೆ. ಯಾವುದನ್ನೇ ಆರಿಸಿ, ಮುಂಗಡ ಕೊಡುವ ಮುಂಚೆ ಮೂರು ಚಿತ್ರ ಬರೆಸಿ: ಅಳುವುದು, ಓಡುವುದು, ಕೈಯಲ್ಲೊಂದು ಲೋಟ ಹಿಡಿದಿರುವುದು.