ಕೊಂಡ ಇ-ಪುಸ್ತಕ ಹಂಚಿ ಓದುವುದು: ಕಿಂಡಲ್ ಖಾತೆಯೋ, ಗೂಗಲ್ ಫ್ಯಾಮಿಲಿಯೋ, ವಾಟ್ಸಾಪ್ ಪಿಡಿಎಫ್ಫೋ?

ಅಚ್ಚಿನ ಪುಸ್ತಕವನ್ನು ಪಕ್ಕದ ಮನೆಗೆ ಕೊಟ್ಟರೆ ನಮ್ಮ ಕಪಾಟಿನಲ್ಲಿ ಅದರ ಜಾಗ ಖಾಲಿ. ಫೈಲ್ ಕಳಿಸಿದರೆ ಒಂದಿದ್ದದ್ದು ಎರಡಾಗುತ್ತದೆ. ಕಾನೂನಿನ ತಕರಾರು ಈ ಎರಡನೇ ಪ್ರತಿಯ ಬಗ್ಗೆ.

ಅಮೆಜಾನಿನ ಇ-ಪುಸ್ತಕ ಸೇವೆಯಾದ ಕಿಂಡಲ್‌ನ ಒಂದೇ ಖಾತೆಯನ್ನು ಮನೆಯವರ ಫೋನಿಗೂ ಹಾಕಿಕೊಳ್ಳುವುದು ಸಲೀಸು. ಹೆಚ್ಚಿನ ಪುಸ್ತಕಗಳು ಏಕಕಾಲಕ್ಕೆ ಆರು ಸಾಧನಗಳಲ್ಲಿ ತೆರೆಯುತ್ತವೆ. ಇಬ್ಬರೂ ಒಂದೇ ಪುಸ್ತಕ ಹಿಡಿದಾಗ ರಗಳೆ ಶುರು: ಅಪ್ಪ 212ನೇ ಪುಟ ತಲುಪಿದ್ದರೆ, 40ರಲ್ಲಿರುವ ಮಗಳಿಗೆ ‘ಅಲ್ಲಿಗೇ ಹೋಗಲೇ?’ ಎಂಬ ಪ್ರಶ್ನೆ ಬರುತ್ತದೆ. ಹೌದು ಎಂದು ಒತ್ತಿದಳೋ, ಪತ್ತೇದಾರಿ ಕಾದಂಬರಿಯ ಕಥೆ ಮುಗಿದಂತೆ! ಓದಿದ ಪುಟವನ್ನು ಸಾಧನಗಳ ನಡುವೆ ಹೊಂದಿಸುವ ವಿಸ್ಪರ್‌ಸಿಂಕ್ ಆಫ್ ಮಾಡಿದರೆ ಇದು ನಿಲ್ಲುತ್ತದೆ, ಆದರೆ ನಿಮ್ಮದೇ ಫೋನ್ ಮತ್ತು ಕಿಂಡಲ್ ನಡುವಿನ ಹೊಂದಾಣಿಕೆಯೂ ಹೋಗುತ್ತದೆ. ಮನೆಯಾಚೆಯ ಗೆಳೆಯರಿಗೆ ಪಾಸ್‌ವರ್ಡ್ ಕೊಡುವುದಂತೂ ಬೇಡ. ಪರವಾನಗಿ ಇರುವುದು ನಿಮ್ಮ ಸ್ವಂತ ಓದಿಗೆ. ಸಾಲದ್ದಕ್ಕೆ, 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ತಂದಾಗ ಕನ್ನಡವನ್ನೇ ಬಿಟ್ಟಿತ್ತು.

ಕನ್ನಡ ಓದುವ ಮನೆಗೆ ಗೂಗಲ್ ಪ್ಲೇ ಬುಕ್ಸ್ ವಾಸಿ. ಫ್ಯಾಮಿಲಿ ಗುಂಪಿನಲ್ಲಿ ನೀವೂ ಸೇರಿ ಆರು ಜನ, ಎಲ್ಲರಿಗೂ ಅವರವರದೇ ಖಾತೆ. ಕೊಳ್ಳುವ ಮುಂಚೆ ಆ ಪುಸ್ತಕ ಫ್ಯಾಮಿಲಿ ಲೈಬ್ರರಿಗೆ ಅರ್ಹವೇ ಎಂದು ಅದರ ಪುಟದಲ್ಲಿ ನೋಡಿಕೊಳ್ಳಿ, ಎಲ್ಲವೂ ಅರ್ಹವಲ್ಲ. ಗುಂಪು ಬಿಟ್ಟವರ ಪುಸ್ತಕಗಳು ಅವರ ಜೊತೆಯೇ ಹೋಗುತ್ತವೆ.

ಇನ್ನು ವಾಟ್ಸಾಪ್. ನಕಲು ತಡೆಯುವ ಡಿಜಿಟಲ್ ಬೀಗವಿಲ್ಲದ ಪಿಡಿಎಫ್ ಎಂದಮಾತ್ರಕ್ಕೆ ಹಂಚಲು ಅನುಮತಿ ಸಿಕ್ಕಂತಲ್ಲ. ಕೆಲವು ಮಾರಾಟಗಾರರು ಪುಟದಡಿ ಕೊಂಡವರ ಇಮೇಲ್ ಅಚ್ಚೊತ್ತಿರುತ್ತಾರೆ. ಫೈಲ್ ಎಲ್ಲಿ ಸುತ್ತಿದರೂ ನಿಮ್ಮ ಹೆಸರು ಜೊತೆಗೇ. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಉಲ್ಲಂಘಿಸುವ ಉದ್ದೇಶದಿಂದ ಡಿಆರ್‌ಎಂ ಎಂಬ ಆ ಬೀಗ ಒಡೆಯುವುದಕ್ಕೆ 2012ರಲ್ಲಿ ಸೇರಿಸಿದ 65ಎ ಕಲಮು ಬೇರೆ ಇದೆ, ಎರಡು ವರ್ಷದವರೆಗೆ. ಜೈಲಿನ ಮಾತು ಅತ್ತಿರಲಿ, ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಕಾಯುವ ಕನ್ನಡ ಪ್ರಕಾಶಕರಿಗೆ ನಷ್ಟವಾಗಲು ಐನೂರು ಜನರ ಒಂದು ಗುಂಪೇ ಸಾಕು. ಕಳಿಸಲೇಬೇಕಿದ್ದರೆ ಕೃತಿಸ್ವಾಮ್ಯದ ಅವಧಿ ಮುಗಿದದ್ದನ್ನೇ ಕಳಿಸಿ. ಅದು ತಿಳಿಯಲು ಲೇಖಕರು ತೀರಿಕೊಂಡ ವರ್ಷಕ್ಕೆ 60 ಕೂಡಿಸಿ: 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕವಿತೆಗಳು 2024ರಿಂದ ಎಲ್ಲರವು, 1981ರ ಬೇಂದ್ರೆಯವರಿಗೆ 2041 ಮುಗಿಯಬೇಕು.

ಗೆಳೆಯರಿಗೆ ಓದಿಸಲೇಬೇಕೆಂದಿದ್ದರೆ ಕಿಂಡಲ್ ಸಾಧನವನ್ನೇ ಎರವಲು ಕೊಡಿ. ಎರಡನೇ ಪ್ರತಿ ಹುಟ್ಟುವುದಿಲ್ಲ. ಕೊಡುವ ಮುಂಚೆ ಪೇರೆಂಟಲ್ ಕಂಟ್ರೋಲ್ಸ್‌ನಲ್ಲಿ ಸ್ಟೋರ್ ಬಂದ್ ಮಾಡಿ, ಇಲ್ಲದಿದ್ದರೆ ಅವರು ಕೊಂಡದ್ದರ ಬಿಲ್ ನಿಮಗೆ ಬರುತ್ತದೆ.