ಧಾರವಾಡದ ಒಂದು ಚಿತ್ರ ಕಾರ್ಯಾಗಾರ: ಚಲನೆಯ ಪಾಠ ಗಟ್ಟಿ, ಪದರಗಳಿಗೆ ಅವಸರ

ಧಾರವಾಡದ ಸಪ್ತಾಪುರದ ಮನೆಯೊಂದರ ಮೇಲ್ಮಹಡಿಯಲ್ಲಿ ಶನಿವಾರ ಮತ್ತು ಭಾನುವಾರ ನಡೆಯುವ ಈ ಕಾರ್ಯಾಗಾರದಲ್ಲಿ ಚಿತ್ರ ನಿಲ್ಲಿಸುವ ಈಸೆಲ್ ಇಲ್ಲ, ಕುಳಿತುಕೊಳ್ಳಲು ಸ್ಟೂಲೂ ಇಲ್ಲ. ಕಲಾವಿದ ಹಾಲಭಾವಿಯವರ ಸ್ಕೂಲ್ ಆಫ್ ಆರ್ಟ್ ಬೆಳೆಸಿದ ರೇಖಾಭ್ಯಾಸದ ಶಿಸ್ತು ಇಂದಿಗೂ ಮಾತಿಗೆ ಬರುವ ಊರಿನಲ್ಲಿ, ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಇಡೀ ಮೈಯಿಂದ ಚಿತ್ರ ಬರೆಯುವುದನ್ನು ಕಲಿಸುವವರು ಅಪರೂಪ.

ಮೊದಲ ದಿನದ ಬೆಳಗಿನ ಅವಧಿಯಲ್ಲಿ ಬಣ್ಣವನ್ನು ಮುಟ್ಟಲು ಬಿಡುವುದಿಲ್ಲ. ಉದ್ದನೆಯ ಬಿದಿರು ಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು, ಒಂದೇ ಗೆರೆಯನ್ನು ಮೊದಲು ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ, ಭುಜದಿಂದ, ಕೊನೆಗೆ ಸೊಂಟ ತಿರುಗಿಸಿ ಎಳೆಯಬೇಕು. ಮಣಿಕಟ್ಟಿನ ಗೆರೆ ಗೇಣುದ್ದಕ್ಕೇ ಬಾಗಿಬಿಡುತ್ತದೆ. ಭುಜದ ಗೆರೆ ಮಾರುದ್ದ ಸಾಗುತ್ತದೆ. ಹೆಜ್ಜೆ ಬದಲಿಸುತ್ತ ಎಳೆದ ಗೆರೆಯಲ್ಲಿ ಮೈಭಾರ ಎಲ್ಲಿ ಬಿತ್ತು, ಎಲ್ಲಿ ತೇಲಿತು ಎಂಬುದು ದಪ್ಪ ತೆಳುವಾಗಿ ಕಾಣಿಸುತ್ತದೆ. “ಕೈ ಆಮ್ಯಾಲೆ ನೋಡೂಣ್ರೀ, ಮೊದ್ಲ ಕಾಲು ಎಲ್ಲಿ ಊರೀರಿ ಅನ್ನೂದು ನೋಡ್ರಿ” ಎಂದು ಗುರುಗಳು ತಿದ್ದುವ ರೀತಿಯಲ್ಲಿ ಆಡಂಬರವಿಲ್ಲ.

ಮಧ್ಯಾಹ್ನದ ವಿವರಣೆ ನನಗೆ ಇನ್ನೂ ಹಿಡಿಸಿತು. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1947ರ ಹೊತ್ತಿಗೆ ಕ್ಯಾನ್ವಾಸನ್ನು ನೆಲಕ್ಕಿಳಿಸಿ ಬಣ್ಣ ಸುರಿದದ್ದನ್ನೂ, ಜಪಾನಿನಲ್ಲಿ 1954ರಲ್ಲಿ ರೂಪುಗೊಂಡ ಗುಟಾಯ್ ಎಂಬ ಕಲಾವಿದರ ಗುಂಪಿನ ಕಜುವೊ ಶಿರಾಗಾ ಹಗ್ಗಕ್ಕೆ ಜೋತುಬಿದ್ದು ಪಾದಗಳಿಂದಲೇ ಚಿತ್ರ ಬರೆದದ್ದನ್ನೂ ಅವರು ಬರಿಯ ಸಾಹಸಕಥೆಗಳಾಗಿ ಹೇಳಲಿಲ್ಲ. ಪೊಲಾಕನ ತೋಳಿನ ಬೀಸಿಗೆ ಧಾರೆಯಾಗಿ ಇಳಿಯುವ ತೆಳು ಎನಾಮೆಲ್ ಬಣ್ಣ ಬೇಕಿತ್ತು, ಶಿರಾಗಾನ ಜಾರುವ ಪಾದಕ್ಕೆ ಗುಡ್ಡೆಗಟ್ಟುವ ಎಣ್ಣೆಬಣ್ಣ ಬೇಕಿತ್ತು. ಆದ್ದರಿಂದ ಚಲನೆಯನ್ನು ಆರಿಸಿಕೊಂಡವನು ಬಣ್ಣದ ಸಾಂದ್ರತೆಯನ್ನೂ ಆರಿಸಿಕೊಂಡಂತೆಯೇ ಎಂದು ಎರಡು ಡಬ್ಬಿಗಳನ್ನು ಎದುರಿಗಿಟ್ಟು ಮಾಡಿ ತೋರಿಸಿದರು.

ಎರಡನೆಯ ದಿನ ಈ ಎಚ್ಚರವೇ ಸಡಿಲವಾಯಿತು. ಗರಗದ ಖಾದಿ ಬಟ್ಟೆಗೆ ಜೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಬಿಳಿ ಲೇಪ) ಬಳಿದು, ಗೋಣಿತಾಟಿನ ತುಂಡುಗಳನ್ನು ಅಂಟಿಸಿ, ಸೋಸಿದ ಎರೆಮಣ್ಣಿಗೆ ಫೆವಿಕಾಲ್ ಕಲಸಿ ಮೆತ್ತಿಸಿದರು. ನಮ್ಮ ಹೊಲಗಳು ಬೇಸಿಗೆಯಲ್ಲಿ ಬಾಯಿ ಬಿಡುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ, ಅಂದರೆ ನೀರಾರಿದಂತೆ ಜೇಡಿ ಕುಗ್ಗುವುದರಿಂದ, ಈ ಪದರವೂ ಬಿರುಕು ಬಿಡುತ್ತದೆ. ಆ ಬಿರುಕನ್ನೇ ಚಿತ್ರದ ರೇಖೆಯಾಗಿಸುವ ಆಲೋಚನೆ ನಿಜಕ್ಕೂ ಚೆನ್ನಾಗಿದೆ. ಆದರೆ ಬೆಳಿಗ್ಗೆ ದಪ್ಪಗೆ ಮೆತ್ತಿದ ಮಣ್ಣಿನ ಮೇಲೆ ಊಟವಾದೊಡನೆ ಅಕ್ರಿಲಿಕ್ ಬಣ್ಣ ಹಚ್ಚಿಸಿದರೆ ಬಿರುಕು ಮೂಡುವುದಾದರೂ ಯಾವಾಗ? ಹೇರ್ ಡ್ರೈಯರ್‌ನಿಂದ ಮೇಲ್ಮೈ ಒಣಗಿತು, ಒಳಗೆ ಹಸಿ ಉಳಿಯಿತು. ಇದರ ಜೊತೆಗೆ, ಬಾಗುವ ಬಟ್ಟೆಯ ಮೇಲೆ ಬಾಗದ ಮಣ್ಣು ನಿಲ್ಲುವುದಿಲ್ಲ. ಸುರುಳಿ ಸುತ್ತಿ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ತಂದು ಬಿಚ್ಚಿದಾಗ ಅಂಚಿನ ಮಣ್ಣೆಲ್ಲ ಹಕ್ಕಳೆಯಾಗಿ ಉದುರಿತ್ತು. ಬಟ್ಟೆಯನ್ನು ಪ್ಲೈವುಡ್ ಹಲಗೆಗೆ ಅಂಟಿಸಿ, ತೆಳು ಪದರಗಳನ್ನು ಒಂದೊಂದಾಗಿ ಪೂರ್ತಿ ಒಣಗಲು ಬಿಟ್ಟಿದ್ದರೆ ಈ ನಷ್ಟ ತಪ್ಪುತ್ತಿತ್ತು.

ಸಾಮಗ್ರಿಯೆಲ್ಲ ಸೇರಿರುವುದರಿಂದ ಶುಲ್ಕ ಹೆಚ್ಚೆನಿಸುವುದಿಲ್ಲ. ಮೊಣಕಾಲು ನೋವಿರುವವರಿಗೆ ಮೊದಲ ದಿನ ಕಷ್ಟವಾದೀತು. ಕೈಕಾಲು ತೊಳೆಯಲು ಒಂದೇ ನಲ್ಲಿ ಇರುವುದರಿಂದ ಸಂಜೆ ಸರದಿ ಕಾಯಬೇಕು. ಎರಡು ದಿನಗಳ ನಡುವೆ ಒಂದು ವಾರದ ಅಂತರವಿಟ್ಟು, ಮಣ್ಣಿನ ಪದರವನ್ನು ಮೊದಲ ದಿನವೇ ಹಾಕಿಸುವಂತೆ ಆಯೋಜಕರಿಗೆ ತಿಳಿಸಿದ್ದೇನೆ. ಅಲ್ಲಿಯವರೆಗೆ, ಒಂದು ದಿನಕ್ಕೆ ಮಾತ್ರ ಸೇರಲು ಅವಕಾಶ ಕೊಟ್ಟರೆ ಶನಿವಾರವನ್ನೇ ಆರಿಸಿಕೊಳ್ಳಿ.