ಮನೆ ತರಕಾರಿ ಕಿಟ್: ಚೀಲಕ್ಕೆ ನಾಲ್ಕು ಸ್ಟಾರ್, ಬೀಜಕ್ಕೆ ಒಂದೂವರೆ

'ವರ್ಷಪೂರ್ತಿ ಮನೆ ತರಕಾರಿ' ಅಂತ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ ಕಿಟ್ ತರಿಸಿ 13 ತಿಂಗಳಾಯಿತು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಮೂರನ್ನೂ ಮುಗಿಸಿ ಈಗ ಬರೆಯುತ್ತಿದ್ದೇನೆ. ಡಬ್ಬಿ ಬಿಚ್ಚಿದ ದಿನವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ, ಅಷ್ಟು ಚೆಂದ ಪ್ಯಾಕ್ ಮಾಡಿದ್ದರು. ಇಂಥ ಕಿಟ್‌ಗಳ ಕೆಳಗಿರುವ ರಿವ್ಯೂಗಳನ್ನು ನೋಡಿ, ಹೆಚ್ಚಿನವು ಡಬ್ಬಿ ಬಿಚ್ಚಿದ ದಿನದವೇ. ಬೀಜ ಇನ್ನೂ ಮಣ್ಣು ಕಂಡಿರುವುದಿಲ್ಲ, ಅಷ್ಟರಲ್ಲೇ 'ಸೂಪರ್ ಕ್ವಾಲಿಟಿ' ಅಂತ ಬರೆದಾಗಿರುತ್ತದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಥರದ ಸಾಮಾನು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಹಾಗಾಗಿ ಒಳಗೇನಿದೆ ಅನ್ನೋದನ್ನ ನೋಡೋಣ.

ನನ್ನ ಕಿಟ್‌ನಲ್ಲಿ ಇದ್ದದ್ದು: 12 ಇಂಚಿನ ನಾಲ್ಕು ಮತ್ತು 9 ಇಂಚಿನ ನಾಲ್ಕು ಬಟ್ಟೆಯ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), 5 ಕೆಜಿಯ ಒಂದು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, 2 ಕೆಜಿ ಎರೆಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ, 12 ಬೀಜದ ಪೊಟ್ಟಣ, ಒಂದು ಸಣ್ಣ ಬಾಟಲಿ ಬೇವಿನ ಎಣ್ಣೆ, ಹುಳ ಹಿಡಿಯುವ ಐದು ಹಳದಿ ಅಂಟು ಕಾರ್ಡ್, ಮಣ್ಣಿನ ತೇವ ನೋಡುವ ಎರಡು ಕಡ್ಡಿಯ ಮೀಟರ್, ಆಮೇಲೆ ಬಣ್ಣಬಣ್ಣದ ಒಂದು ಕ್ಯಾಲೆಂಡರ್.

ಮೊದಲ ಲೆಕ್ಕವೇ ತಪ್ಪು. 12 ಇಂಚು ಅಗಲ, 12 ಇಂಚು ಎತ್ತರದ ಚೀಲಕ್ಕೆ ಸುಮಾರು 22 ಲೀಟರ್ ಮಣ್ಣು ಹಿಡಿಯುತ್ತದೆ, 9 ಇಂಚಿನದಕ್ಕೆ 9 ಲೀಟರ್ ಚಿಲ್ಲರೆ. ಎಂಟೂ ಚೀಲ ಸೇರಿ 125 ಲೀಟರ್. 5 ಕೆಜಿ ಕೊಕೊಪೀಟ್ ನೀರು ಕುಡಿದು ಉಬ್ಬಿದರೂ 70-75 ಲೀಟರ್ ಆಗುತ್ತದೆ, 2 ಕೆಜಿ ಎರೆಗೊಬ್ಬರ ಅಂದರೆ ನಾಲ್ಕೈದು ಬೊಗಸೆ. ಅಂದರೆ ಇವರು ಕೊಟ್ಟಿದ್ದನ್ನೆಲ್ಲ ಸುರಿದರೂ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬುತ್ತದೆ, ಅದೂ ಬರೀ ನಾರಿನ ಪುಡಿಯಿಂದ. ಕೊಕೊಪೀಟ್ ನೀರು ಹಿಡಿದಿಡುತ್ತದೆ ಅಷ್ಟೇ, ಗಿಡಕ್ಕೆ ಊಟ ಹಾಕುವುದಿಲ್ಲ. ನಾನು ಮಣ್ಣು, ಕೊಕೊಪೀಟ್, ಚೆನ್ನಾಗಿ ಕಳಿತ ಗೊಬ್ಬರ ಮೂರನ್ನೂ ಸಮ ಸಮ ಬೆರೆಸಿಕೊಂಡೆ. ಇನ್ನೊಂದು ಮಾತು, ಇಟ್ಟಿಗೆಯನ್ನು ನೆನೆಸಿದ ಮೊದಲ ನೀರು ಟೀ ಡಿಕಾಕ್ಷನ್ ಥರ ಕಂದು ಬಣ್ಣ ಬಿಟ್ಟಿತು. ಅದನ್ನು ಚೆಲ್ಲಿ ಇನ್ನೆರಡು ಸಲ ತೊಳೆದೆ. ತೆಂಗಿನ ನಾರಿನಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ, ತೊಳೆಯದೆ ಹಾಕಿದರೆ ಎಳೆ ಸಸಿಯ ಎಲೆ ಅಂಚು ಸುಡುತ್ತದೆ. ಕಿಟ್ ಜೊತೆ ಬಂದ ಕಾಗದದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ.

ಚೀಲಗಳು ಮಾತ್ರ ನಿಜಕ್ಕೂ ಚೆನ್ನಾಗಿವೆ. ನನಗೆ ಮೊದಲು ನಂಬಿಕೆ ಇರಲಿಲ್ಲ, ಬಟ್ಟೆ ಚೀಲದಲ್ಲಿ ಏನು ಬೆಳೆದೀತು ಅಂತ. ಅದಕ್ಕೇ ಒಂದೇ ದಿನ ಒಂದೇ ಅಳತೆಯ ಎರಡು ಬದನೆ ಸಸಿಗಳನ್ನು, ಒಂದನ್ನು ಹಳೇ ಪ್ಲಾಸ್ಟಿಕ್ ಕುಂಡದಲ್ಲಿ, ಇನ್ನೊಂದನ್ನು ಈ ಚೀಲದಲ್ಲಿ ನೆಟ್ಟೆ. ಫಸಲು ಮುಗಿದ ಮೇಲೆ ಎರಡನ್ನೂ ಬೋರಲು ಹಾಕಿ ನೋಡಿದೆ. ಕುಂಡದ ಬೇರು ಗೋಡೆಗುಂಟ ಸುತ್ತಿ ಸುತ್ತಿ ಹಗ್ಗದ ಸಿಂಬೆ ಆಗಿತ್ತು, ನಡುವಿನ ಮಣ್ಣು ಹಾಗೇ ಉದುರಿತು. ಚೀಲದ್ದು ಬೇರೆ ಥರ. ಬೇರು ಬಟ್ಟೆಯ ಹತ್ತಿರ ಬಂದು ಗಾಳಿ ತಾಗಿ ತುದಿ ಒಣಗಿ ನಿಂತಿತ್ತು, ಹಿಂದಿನಿಂದ ಸಣ್ಣ ಸಣ್ಣ ಬೇರು ಕವಲೊಡೆದು ಇಡೀ ಮಣ್ಣನ್ನು ಹತ್ತಿಯ ಹಾಗೆ ಹಿಡಿದುಕೊಂಡಿತ್ತು. ಕೈಯಲ್ಲಿ ಒತ್ತಿದರೆ ಸ್ಪಂಜು. ಬದನೆ ಕಾಯಿಗಳ ಲೆಕ್ಕ ಇಡಲಿಲ್ಲ, ಆದರೆ ಬುಟ್ಟಿ ಬೇಗ ತುಂಬುತ್ತಿದ್ದದ್ದು ಚೀಲದ ಗಿಡದಿಂದಲೇ.

ಮಳೆಗಾಲದಲ್ಲಿ ಈ ಚೀಲಗಳು ಇನ್ನೂ ಇಷ್ಟವಾದವು. ಎರಡು ದಿನ ಬಿಡದೆ ಸುರಿದರೂ ಬುಡದಲ್ಲಿ ನೀರು ನಿಲ್ಲಲಿಲ್ಲ, ನಾಲ್ಕೂ ಕಡೆಯಿಂದ ಬಸಿದು ಹೋಯಿತು. ಆದರೆ ನೀರಿನ ಜೊತೆ ಗೊಬ್ಬರದ ಸಾರವೂ ಹೋಗುತ್ತದೆ ಅಲ್ವಾ, ಜೋರು ಮಳೆ ಆದ ಮೇಲೆ ಕೆಳಗಿನ ಎಲೆ ಹಳದಿಗೆ ತಿರುಗತೊಡಗಿತು. ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಬುಡಕ್ಕೆ ಹಾಕಲು ಶುರು ಮಾಡಿದ ಮೇಲೆ ಸರಿ ಹೋಯಿತು.

ಬೇಸಿಗೆಯಲ್ಲಿ ಇದೇ ಗುಣ ಉಲ್ಟಾ ಹೊಡೆಯುತ್ತದೆ. ಬೆಳಿಗ್ಗೆ ನೀರು ಹಾಕಿದ ಚೀಲ ಮಧ್ಯಾಹ್ನಕ್ಕೆ ಹಪ್ಪಳ. ದಿನಕ್ಕೆ ಎರಡು ಸಲ ನೀರು ಹಾಕಬೇಕಾಯಿತು, ಒಂದು ದಿನ ಮರೆತರೆ ಗಿಡ ಸೊರಗಿ ನಿಲ್ಲುತ್ತಿತ್ತು. ಟೊಮೆಟೊ ಕಾಯಿಯ ತಳ ಕಪ್ಪಗೆ ಚರ್ಮದ ಹಾಗೆ ಆಗಿ ಕೊಳೆಯಲು ಶುರುವಾದದ್ದೂ ಆಗಲೇ. ರೋಗ ಅಂತ ಹೆದರಿ ಔಷಧಿ ಹುಡುಕಬೇಡಿ. ನೀರು ಒಮ್ಮೆ ಜಾಸ್ತಿ, ಒಮ್ಮೆ ಇಲ್ಲ ಅಂತಾದಾಗ ಕ್ಯಾಲ್ಸಿಯಂ ಕಾಯಿಯವರೆಗೆ ತಲುಪುವುದಿಲ್ಲ, ಅದಕ್ಕೆ ಹೀಗಾಗುತ್ತದೆ. ಚೀಲಗಳನ್ನೆಲ್ಲ ಒಂದಕ್ಕೊಂದು ತಾಗಿಸಿ ಇಟ್ಟು, ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಒಣ ಎಲೆ ಹೊದಿಸಿದೆ. ಆಮೇಲೆ ಬಂದ ಕಾಯಿಗಳು ಚೆನ್ನಾಗಿದ್ದವು. ಚೀಲದ ಹೊರಗೆ ಬಿಳಿ ಪುಡಿ ಕಟ್ಟುತ್ತದೆ, ಅದು ಬೂಷ್ಟು ಅಲ್ಲ, ನೀರು ಆರಿ ಉಳಿದ ಉಪ್ಪು. ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಚೀಲಕ್ಕೆ ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಹಿಡಿಕೆಗೆ. ತುಂಬಿ ನೆಂದ ದೊಡ್ಡ ಚೀಲವನ್ನು ಬಿಸಿಲಿಂದ ನೆರಳಿಗೆ ಎತ್ತಿಡಲು ಹೋದಾಗ ಹೊಲಿಗೆ ಕಿತ್ತು ಬಂತು, ಗಿಡ ಅಡ್ಡ ಬಿತ್ತು, ನಾನು ಅದರ ಮೇಲೆ. ತಳ ಹಿಡಿದು ಇಬ್ಬರು ಎತ್ತಿ. ಇನ್ನು 9 ಇಂಚಿನ ಚೀಲ ಮೆಂತ್ಯ, ಹರಿವೆ, ಮೂಲಂಗಿಗೆ ಸಾಕು. ಡಬ್ಬಿಯ ಮೇಲಿನ ಚಿತ್ರದಲ್ಲಿ ಆ ಪುಟ್ಟ ಚೀಲದಲ್ಲಿ ಟೊಮೆಟೊ ಜೋತಾಡುತ್ತಿದೆ, ಅದು ಬರೀ ಚಿತ್ರ.

ಮೀಟರ್ ಬಗ್ಗೆ ಹೇಳಲೇಬೇಕು. ಬ್ಯಾಟರಿ ಬೇಡ, ಮಣ್ಣಿಗೆ ಚುಚ್ಚಿದರೆ ಸಾಕು, ಮುಳ್ಳು ಓಡುತ್ತದೆ. ಮೊದಲ ವಾರ ಡಾಕ್ಟರ್ ಥರ ಎಲ್ಲ ಚೀಲಕ್ಕೂ ಚುಚ್ಚಿಕೊಂಡು ಓಡಾಡಿದೆ. ಆಮೇಲೆ ಅನುಮಾನ ಬಂತು, ಯಾಕೆಂದರೆ ಗೊಬ್ಬರ ಹಾಕಿದ ಚೀಲ ಯಾವಾಗಲೂ 'ಒದ್ದೆ' ಅಂತಲೇ ತೋರಿಸುತ್ತಿತ್ತು. ಒಂದು ಲೋಟದಲ್ಲಿ ಇನ್ವರ್ಟರ್ ಬ್ಯಾಟರಿಗೆ ಹಾಕುವ ಶುದ್ಧ ನೀರು ಹಾಕಿ ಅದ್ದಿದೆ. ಮುಳ್ಳು ಕೂತಲ್ಲಿಂದ ಏಳಲೇ ಇಲ್ಲ. ಪೂರ್ತಿ ನೀರಿನೊಳಗೆ ಇದ್ದುಕೊಂಡು 'ಒಣ' ಅನ್ನುತ್ತಿದೆ! ಅದೇ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದೆ, ಮುಳ್ಳು ಸೀದಾ ಇನ್ನೊಂದು ತುದಿಗೆ ಹೋಗಿ ಬಡಿಯಿತು. ವಿಷಯ ಇಷ್ಟೇ, ಎರಡು ಕಡ್ಡಿ ಎರಡು ಬೇರೆ ಲೋಹದವು, ನಡುವೆ ಎಷ್ಟು ಕರೆಂಟ್ ಹರಿಯುತ್ತದೆ ಅನ್ನೋದನ್ನ ಅದು ತೋರಿಸುತ್ತದೆ. ಉಪ್ಪು, ಗೊಬ್ಬರ ಜಾಸ್ತಿ ಇದ್ದರೆ ಕರೆಂಟೂ ಜಾಸ್ತಿ. ಈಗ ಅದು ಡ್ರಾಯರ್‌ನಲ್ಲಿದೆ. ತೋರು ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿದರೆ ಹದ ಗೊತ್ತಾಗುತ್ತದೆ, ಬೆರಳಿಗೆ ಮಣ್ಣು ಅಂಟಿದರೆ ನೀರು ಬೇಡ.

ಈಗ ಬೀಜ. 12 ಪೊಟ್ಟಣದಲ್ಲಿ ಸರಿಯಾಗಿ ಮೊಳೆತದ್ದು ಬೆಂಡೆ, ಹರಿವೆ, ಮೆಂತ್ಯ, ಮೂಲಂಗಿ, ಅಲಸಂದೆ. ಬೆಂಡೆ ರಾತ್ರಿ ನೆನೆಸಿ ಹಾಕಿದ್ದು ಐದನೇ ದಿನಕ್ಕೆ ತಲೆ ಎತ್ತಿತು. ಟೊಮೆಟೊ ಪೊಟ್ಟಣದ ಮುಂದೆ 'ನಾಟಿ ತಳಿ', ಹಿಂದೆ ತಿರುಗಿಸಿದರೆ 'ಎಫ್-1 ಹೈಬ್ರಿಡ್', ಅಂದರೆ ಎರಡು ತಳಿ ಬೆರೆಸಿ ಪಡೆದ ಮೊದಲ ತಲೆಮಾರಿನ ಬೀಜ. ಎರಡೂ ಹೇಗೆ ಆಗುತ್ತದೆ ಸ್ವಾಮಿ? ಇದು ಸಣ್ಣ ವಿಷಯ ಅಲ್ಲ, ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗಿಡ ಬರುವ ಗ್ಯಾರಂಟಿ ಇಲ್ಲ. ಈರುಳ್ಳಿ ಬೀಜ ಒಂದೂ ಹುಟ್ಟಲಿಲ್ಲ. ಈರುಳ್ಳಿ ಬೀಜದ ಜೀವ ಮೊದಲೇ ಕಡಿಮೆ, ಒಂದೆರಡು ವರ್ಷದಲ್ಲಿ ಸತ್ತು ಹೋಗುತ್ತದೆ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ತಿಂಗಳು ಇತ್ತು, ಮೊಳಕೆ ಪರೀಕ್ಷೆ ಮಾಡಿದ ದಿನಾಂಕ ಇರಲಿಲ್ಲ, ಶೇಕಡಾ ಎಷ್ಟು ಮೊಳೆಯುತ್ತದೆ ಅನ್ನೋದೂ ಇರಲಿಲ್ಲ. ಹಳೇ ಬೀಜವನ್ನು ಹೊಸ ಪೊಟ್ಟಣಕ್ಕೆ ಹಾಕಿ ಹೊಸ ತಿಂಗಳು ಅಚ್ಚು ಹೊಡೆದರೆ ನಮಗೆ ಹೇಗೆ ಗೊತ್ತಾಗಬೇಕು?

ಟೊಮೆಟೊ ಬೀಜವೂ ಸರಿಯಾಗಿ ಮೊಳೆಯುತ್ತಿಲ್ಲ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. "ಮೇಡಂ, ನೀರು ಜಾಸ್ತಿ ಆಗಿರಬೇಕು" ಅಂದರು. ಅಷ್ಟರಲ್ಲಿ ನಾನು ಒದ್ದೆ ಟಿಶ್ಯೂ ಪೇಪರ್‌ನಲ್ಲಿ ಹತ್ತು ಟೊಮೆಟೊ ಬೀಜ ಸುತ್ತಿ ಡಬ್ಬಿಯಲ್ಲಿಟ್ಟು ನೋಡಿಯಾಗಿತ್ತು. 12 ದಿನಕ್ಕೆ ಮೂರು ಮೊಳಕೆ. ಫೋಟೋ ಕಳಿಸಿದ ಮೇಲೆ ಸುಮ್ಮನಾದರು, ಬೇರೆ ಪೊಟ್ಟಣ ಕಳಿಸಿದರು, ಖುಷಿಯಿಂದ ಒಡೆದು ನೋಡಿದರೆ ಅದೇ ಬ್ಯಾಚ್ ನಂಬರ್. ಅದಕ್ಕೆ ಉಳಿದ ಅರ್ಧ ಸ್ಟಾರ್, ಕಳಿಸಿದ್ದಕ್ಕಾದರೂ.

ಆದರೆ ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಕ್ಯಾಲೆಂಡರ್ ಮೇಲೆ. ನೋಡೋಕೆ ಚೆಂದ, ಗೋಡೆಗೆ ಹಾಕಿಕೊಂಡಿದ್ದೆ. ತಿಂಗಳಿನ ಎದುರು ತರಕಾರಿಯ ಹೆಸರು, ಅಷ್ಟೇ. ಮಾರ್ಚ್ ಎದುರು ಲೆಟ್ಯೂಸ್ ಮತ್ತು ಬಟಾಣಿ ಇತ್ತು. ಮಾರ್ಚ್ ಅಂದರೆ ಒಂದು ಕಡೆ ಹಿಮ ಕರಗುವ ಹೊತ್ತು, ಇನ್ನೊಂದು ಕಡೆ ಕಾಲಿಡಲಾಗದ ತಾರಸಿ. ನಮ್ಮ ತಾರಸಿ ಎರಡನೇ ಜಾತಿಯದು. ಲೆಟ್ಯೂಸ್ ಬೀಜ ತುಂಬ ಬಿಸಿಯಲ್ಲಿ ನಿದ್ದೆಗೆ ಜಾರಿಬಿಡುತ್ತದೆ, ಮೊಳೆಯುವುದೇ ಇಲ್ಲ. ನನ್ನದೂ ಹಾಗೇ ಆಯಿತು. ಬಟಾಣಿ ಮೊಳೆಯಿತು, ಎರಡು ಗೇಣು ಬೆಳೆಯಿತು, ಹೂ ಉದುರಿಸಿ ಒಣಗಿತು. ಅಷ್ಟೂ ದಿನ ನೀರು ಹೊತ್ತದ್ದು ದಂಡ. ತಿಂಗಳ ಹೆಸರಿನ ಬದಲು ಬಿಸಿ ಎಷ್ಟಿರಬೇಕು ಅಂತ ಬರೆದಿದ್ದರೆ ಯಾರಿಗೆ ಬೇಕಾದರೂ ಉಪಯೋಗ ಆಗುತ್ತಿತ್ತು. ಬೆಂಡೆ, ಅಲಸಂದೆ, ಹೀರೆ, ಸೌತೆಗೆ ಬೆಚ್ಚಗಿರಬೇಕು. ಮೂಲಂಗಿ, ಕ್ಯಾರೆಟ್, ಬಟಾಣಿ, ಎಲೆಕೋಸಿಗೆ ತಂಪು ಬೇಕು. ಟೊಮೆಟೊ ನಡುವಿನದು, ಬೀಜ 20ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಮೊಳೆಯುತ್ತದೆ, ಹಗಲು 35 ದಾಟಿದರೆ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ. ಕ್ಯಾಲೆಂಡರಿನ ಹಿಂಭಾಗ ಖಾಲಿ ಇತ್ತು, ಈಗ ಅಲ್ಲಿ ನಾನೇ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇನೆ, ಯಾವ ದಿನ ಏನು ಬಿತ್ತಿದೆ, ಯಾವಾಗ ಮೊಳೆಯಿತು, ಯಾವುದು ಹೋಯಿತು.

ಉಳಿದದ್ದು ಬೇಗ ಹೇಳುತ್ತೇನೆ. ಬೇವಿನ ಎಣ್ಣೆ ಒಳ್ಳೆಯದಿತ್ತು, ಆದರೆ ನೀರಲ್ಲಿ ಬೆರೆಯುವುದಿಲ್ಲ, ಸೋಪಿನ ನೀರು ನಾಲ್ಕು ಹನಿ ಸೇರಿಸಿ ಕಲಕಬೇಕು. ಲೀಟರ್‌ಗೆ 5 ಎಂಎಲ್ ಸಾಕು, ಸಂಜೆಯೇ ಹೊಡೆಯಿರಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಅಂಟು ಕಾರ್ಡ್‌ಗೆ ಬಿಳಿ ನೊಣ ರಾಶಿ ರಾಶಿ ಅಂಟಿತು, ಒಂದು ಸಲ ನನ್ನ ಜಡೆಯೂ. ಬೇವಿನ ಹಿಂಡಿ ಬಗ್ಗೆ ದೂರಿಲ್ಲ.

ಇನ್ನೊಮ್ಮೆ ತಗೊಳ್ತೀರಾ ಅಂದರೆ, ಕಿಟ್ ಖಂಡಿತ ಬೇಡ. ಚೀಲಗಳನ್ನು ಬಿಡಿಯಾಗಿ ತಗೊಳ್ತೇನೆ, ಅದೂ 12 ಇಂಚಿಗಿಂತ ದೊಡ್ಡದನ್ನೇ. 15 ಇಂಚಿನದಕ್ಕೆ 43 ಲೀಟರ್ ಹಿಡಿಯುತ್ತದೆ, ಬೇಸಿಗೆಯಲ್ಲಿ ಅಷ್ಟು ಬೇಗ ಒಣಗಲಿಕ್ಕಿಲ್ಲ. ಬೀಜಕ್ಕೆ ಪರೀಕ್ಷೆಯ ದಿನಾಂಕ ಇರುವ ಪೊಟ್ಟಣ ಹುಡುಕಿ ತಂದಿದ್ದೇನೆ. ಮೊನ್ನೆ ಸೋಮವಾರ ಹತ್ತು ಸೌತೆ ಬೀಜ ಟಿಶ್ಯೂನಲ್ಲಿ ಸುತ್ತಿಟ್ಟಿದ್ದೆ, ಇವತ್ತು ಬೆಳಿಗ್ಗೆ ಬಿಚ್ಚಿ ನೋಡಿದರೆ ಎಂಟಕ್ಕೆ ಬಿಳಿ ಬಾಲ ಬಂದಿದೆ. ಸಂಜೆ ಮಣ್ಣಿಗೆ ಹಾಕಬೇಕು.